ಆ ಕಣ್ಣಲ್ಲೂ ಒಂದ್ಸಲ ನೋಡಿ

ನಿಂತುಕೊಂಡೇ ನಿದ್ದೆ ಮಾಡುವವರನ್ನು ಲೋಕಲ್ ಟ್ರೇನಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಆದರೆ ನಕ್ಷತ್ರ ನೋಡಲು ಬಂದ ಜನರ ಸಾಲಿನ ಎದುರು, ದುರ್ಬೀನಿನ ಕಬ್ಬಿಣದ ಕಂಬಕ್ಕೆ ಹಣೆ ಆನಿಸಿ ನಿದ್ದೆ ಹೋಗುತ್ತಿದ್ದವರು ಅನಂತಯ್ಯನವರು ಒಬ್ಬರೇ. ನೋಡಿದವರು ಸ್ಟೂಲಿನಿಂದ ಇಳಿದು ಮುಂದಿನವರು ಹತ್ತುವಷ್ಟರಲ್ಲಿ ಅವರದ್ದೊಂದು ತುಂಡು ನಿದ್ದೆ ಆಗಿರುತ್ತಿತ್ತು. ಮುಂದಿನವರ ಚಪ್ಪಲಿ ಸದ್ದಿಗೆ ಕಣ್ಣು ಬಿಟ್ಟು, "ಬನ್ನಿ ಸ್ವಾಮಿ, ಮೊದಲು ಈ ಕಣ್ಣಲ್ಲಿ ನೋಡಿ" ಎನ್ನುತ್ತಿದ್ದರು.

ಅವರು ಮೈಸೂರಿನ ಕಡೆಯವರು. ಮುಂಬಯಿಯ ಯುನಿವರ್ಸಿಟಿಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮನೆ ವಡಾಲದ ಒಂದು ಕಾಲೊನಿಯಲ್ಲಿ. ಇಡೀ ದಿನ ಪಾಠ, ಲ್ಯಾಬು ಮುಗಿಸಿ ಶನಿವಾರ ಸಂಜೆ ಅಲ್ಲಿನದೇ ಒಂದು ಹಳೆಯ ಕಟ್ಟಡದ ಗಚ್ಚಿಗೆ, ಅಂದರೆ ತಾರಸಿಗೆ, ಹತ್ತುತ್ತಿದ್ದರು. ಲಿಫ್ಟ್ ಇರಲಿಲ್ಲ. ಗಚ್ಚಿಯ ಮೇಲೆ ತಗಡಿನ ಗುಮ್ಮಟ, ಒಳಗೆ ದುರ್ಬೀನು. ಮೋಡ ಇಲ್ಲದ ಶನಿವಾರಗಳಲ್ಲಿ ಯಾರು ಬೇಕಾದರೂ ಬಂದು ನೋಡಬಹುದಿತ್ತು. ತೋರಿಸುವ ಕೆಲಸಕ್ಕೆ ಬೇರೆ ಮೇಷ್ಟ್ರುಗಳು ಯಾರೂ ಮುಂದೆ ಬರಲಿಲ್ಲವಂತೆ. ಇವರು ಬೇಡ ಎನ್ನಲಿಲ್ಲ, ಅಷ್ಟೇ. "ಆಕಾಶಕ್ಕೆ ಅವಸರ ಇಲ್ಲ ಭಟ್ರೇ, ನನಗೆ ಶಕ್ತಿ ಇಲ್ಲ. ಹಂಗಾಗಿ ಇಬ್ಬರಿಗೂ ಸರಿಹೋಗಿದೆ" ಎಂದು ನನಗೆ ಹೇಳುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಮಾಟುಂಗದ ಹೋಟೆಲಿನಲ್ಲಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿಯ ಕಡೆಯಿಂದ ಬಂದವನು. ದೋಸೆ ಕಲ್ಲಿನ ಮುಂದೆಯೇ ನನ್ನ ಕೂದಲು ಬಿಳಿಯಾಯಿತು. ಅನಂತಯ್ಯನವರು ಸಂಜೆ ಬಂದು ನನ್ನ ಕಲ್ಲಿಗೆ ಹತ್ತಿರದ ಮೇಜಿನಲ್ಲೇ ಕೂರುತ್ತಿದ್ದರು. ಮಗಳ ಮಗಳು ರಶ್ಮಿ ಹುಟ್ಟಿದ ಮೇಲೆ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಅವಳು ನಡೆದದ್ದು, ಮಾತಾಡಿದ್ದು, ಸಾಂಬಾರಿನಿಂದ ಬೆಂಡೆಕಾಯಿ ಹೆಕ್ಕಿ ಎಸೆದದ್ದು ಎಲ್ಲವೂ ಗಿರಾಕಿಗಳಿಗೆ ಬಾಯಿಪಾಠ. ಬೇರೆಯವರು ದೋಸೆ ಬೇಗ ಕೊಡಿ ಎನ್ನುತ್ತಿದ್ದರು. ಇವರೊಬ್ಬರು ಕೈಯಲ್ಲಿ ಕಾಫಿ ಲೋಟ ಹಿಡಿದು, ಕಣ್ಣು ಮುಚ್ಚಿ ಪೂರಾ ಕೇಳುತ್ತಿದ್ದರು. ಒಮ್ಮೆ ಕೇಳಿದೆ, "ಸರ್, ನಿದ್ದೆಯಾ?"

"ಇಲ್ಲ, ಕೇಳ್ತಿದೀನಿ. ಬೆಂಡೆಕಾಯಿ ಎಸೆದಳು. ಆಮೇಲೆ?"

ಹಾಗೆಯೇ ಒಂದು ದಿನ ಹೇಳಿದರು, "ಧೂಮಕೇತು ಬಂದಿದೆ ಭಟ್ರೇ. ಇನ್ನೊಮ್ಮೆ ಬರೋ ಹೊತ್ತಿಗೆ ನಾವಿಬ್ರೂ ಇರಲ್ಲ. ಮೊಮ್ಮಗಳನ್ನ ಕರ್ಕೊಂಡ್ ಬನ್ನಿ."

ರಶ್ಮಿಗೆ ಆಗ ಆರು ವರ್ಷ. ನಮ್ಮ ಮನೆಯಿದ್ದ ಭಾಂಡುಪ್‌ನಿಂದ ಟ್ರೇನು, ಮತ್ತೆ ಬಸ್ಸು, ಮತ್ತೆ ಆ ಮೆಟ್ಟಿಲುಗಳು. ಅವಳು ಮೆಟ್ಟಿಲಿನಲ್ಲಿ ಎಡವುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆಕಾಶ ನೋಡಿಕೊಂಡು ನಡೆಯುತ್ತಾಳೆ ಎಂದು ಅವಳಮ್ಮ ಸುಮತಿ ಬೈಯುತ್ತಿದ್ದಳು. ನಾನು ಎತ್ತಿಕೊಂಡೇ ಹತ್ತಿದೆ. ಗಚ್ಚಿಯಲ್ಲಿ ಜಾತ್ರೆಯಷ್ಟು ಜನ. ಧೂಮಕೇತು ಎಂದರೆ ಬೆಂಕಿಯ ಬಾಲ ಎಂದು ನಂಬಿ ಬಂದವರಿಗೆ ಒಳಗೆ ಕಂಡದ್ದು ಹತ್ತಿಯ ಉಂಡೆಯಂಥ ಒಂದು ಮಸುಕು. ಒಬ್ಬರು ಸಿಟ್ಟಿನಲ್ಲಿ ಕೇಳಿದರು, "ಇಷ್ಟೇನಾ?"

"ತುಂಬಾ ದೂರದಿಂದ ಬಂದಿದೆ ಸ್ವಾಮಿ, ಅದಕ್ಕೂ ಸುಸ್ತು. ಈಗ ಆ ಕಣ್ಣಲ್ಲೂ ಒಂದ್ಸಲ ನೋಡಿ."

ಇದು ಅವರ ಕಟ್ಟುನಿಟ್ಟು. ಯಾರೇ ಬರಲಿ, ಒಂದು ಕಣ್ಣಿನಲ್ಲಿ ನೋಡಿದ ಮೇಲೆ ಇನ್ನೊಂದರಲ್ಲೂ ನೋಡಬೇಕು. ಏನು ಕಂಡಿತೆಂದು ಎರಡು ಸಲ ಹೇಳಬೇಕು. ಸಾಲು ಮುಂದೆ ಹೋಗುವುದೇ ಇಲ್ಲ. "ಏನ್ರೀ ಮಾಸ್ತರ್, ಕಣ್ಣಿಗೊಂದು ಟಿಕೆಟ್ಟಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಇವರು ಆಕಳಿಸಿದರು.

ರಶ್ಮಿಯ ಸರದಿ ಬಂದಾಗ ದುರ್ಬೀನನ್ನು ಗುರುಗ್ರಹಕ್ಕೆ ತಿರುಗಿಸಿದ್ದರು. ಎಡಗಣ್ಣು ಇಟ್ಟವಳೇ ಕುಣಿದಳು. "ಅಜ್ಜಾ, ಗೋಲ್ ಗೋಲ್ ಉಂಟು! ಬಾಜೂನಲ್ಲಿ ಛೋಟಾ ಛೋಟಾ ಚುಕ್ಕಿ!"

"ಶಾಭಾಷ್. ಈಗ ಆ ಕಣ್ಣು."

ಅವಳು ಬಲಗಣ್ಣು ಇಟ್ಟಳು. ಕುಣಿತ ನಿಂತಿತು. "ಕುಛ್ ನಹೀ." ಏನೂ ಇಲ್ಲವಂತೆ.

"ಸರಿಯಾಗಿ ನೋಡು ಪುಟ್ಟಿ."

"ಕುಛ್ ನಹೀ ಹೈ ಅಂಕಲ್. ನೀರು ನೀರು."

ಹಿಂದೆ ಗಲಾಟೆ ಶುರುವಾಯಿತು. ನನಗೂ ನಾಚಿಕೆ. "ನಾಟಕ ಮಾರಾಯ್ರೆ ಅವಳದ್ದು, ಇಳಿಸಿಬಿಡಿ" ಎಂದೆ. ಅನಂತಯ್ಯನವರ ಮುಖದಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ. ಅವಳನ್ನು ಕೆಳಗಿಳಿಸಿ, ತಾವೂ ಮಂಡಿಯೂರಿ ಕೂತು, ಅವಳ ಎಡಗಣ್ಣಿಗೆ ಅಂಗೈ ಮುಚ್ಚಿ, ಟಾರ್ಚಿನ ಬೆಳಕಿನಲ್ಲಿ ಬೆರಳು ತೋರಿಸಿದರು. ಎಷ್ಟು ಬೆರಳು ಎಂದರೆ ಅವಳಿಗೆ ಗೊತ್ತಿಲ್ಲ. ಗಲಾಟೆ ಮಾಡುತ್ತಿದ್ದವರು ಕತ್ತು ಚಾಚಿ ನೋಡತೊಡಗಿದರು.

"ಭಟ್ರೇ, ಇದು ನಾಟಕ ಅಲ್ಲ. ಸೋಮವಾರ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ. ಮುಂದಿನ ವಾರ ಅನ್ಬೇಡಿ."

"ಕಣ್ಣು ಎರಡೂ ಚಂದ ಉಂಟಲ್ಲ ಸರ್?"

"ನನ್ನದೂ ಚೆನ್ನಾಗೇ ಇದೆ, ನೋಡಿ" ಎಂದು ತಮ್ಮ ಕನ್ನಡಕ ತೆಗೆದರು. "ಎಡಗಣ್ಣಲ್ಲಿ ಏನೂ ಕಾಣಲ್ಲ ನಂಗೆ. ಒಂದು ಕಣ್ಣಲ್ಲೇ ಬಿ.ಎಸ್ಸಿ. ಪಾಸ್ ಮಾಡಿದೆ, ಅದು ನನಗೇ ಗೊತ್ತಿರಲಿಲ್ಲ. ಗೊತ್ತಾದಾಗ ಡಾಕ್ಟರ್ ಅಂದ್ರು, ಎಳೇ ವಯಸ್ಸಲ್ಲಿ ಬಂದಿದ್ರೆ ದೃಷ್ಟಿ ಬರ್ತಿತ್ತು ಅಂತ."

ಮನೆಯಲ್ಲಿ ಅಳಿಯನಿಗೆ ಸಿಟ್ಟು. ನಕ್ಷತ್ರ ತೋರಿಸುವವರು ಯಾವಾಗ ಡಾಕ್ಟರಾದರು ಎಂದು ಕೇಳಿದ. ಆದರೆ ಸೋಮವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದ್ದೂ ಅದನ್ನೇ. ಬಲಗಣ್ಣು ನೋಡುವ ಅಭ್ಯಾಸವನ್ನೇ ಮಾಡಿಕೊಂಡಿಲ್ಲ. ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ, ಸೋಮಾರಿ ಕಣ್ಣಿನಿಂದ ಕೆಲಸ ಮಾಡಿಸಬೇಕು. ಈಗಲೇ ತಡವಾಗಿದೆ, ಇನ್ನೂ ತಡವಾದರೆ ಆ ಕಣ್ಣು ಇಲ್ಲವೆಂದೇ ಲೆಕ್ಕ.

ಹೇಳುವುದು ಸುಲಭ. ಪಟ್ಟಿ ಕಟ್ಟಿದರೆ ಮಗುವಿಗೆ ಲೋಕವೇ ಮಬ್ಬು. ಶಾಲೆಯಲ್ಲಿ ಮಕ್ಕಳು "ಕಾನೀ, ಕಾನೀ" ಎಂದು, ಒಕ್ಕಣ್ಣಿ ಎಂದು ಕುಣಿದರು. ಅವಳು ಪಟ್ಟಿ ಕಿತ್ತು ನಾವಿದ್ದ ಚಾಳಿನ ಮೋರಿಗೆ ಎಸೆದಳು. ಇನ್ನೊಂದು ಕಟ್ಟಿದರೆ ಅದನ್ನೂ ಎಸೆದಳು. ಸುಮತಿ ಹೊಡೆದಳು, ಆಮೇಲೆ ತಾನೇ ಕೂತು ಅತ್ತಳು. ದಿನವಿಡೀ ಕಲ್ಲಿನ ಮುಂದೆ ನಿಂತು ಬಂದವನಿಗೆ ಮನೆಯಲ್ಲಿ ಈ ಯುದ್ಧ. ನನ್ನ ಕಾಲು ಸೋತಿತು, ಮನಸ್ಸೂ ಸೋತಿತು. ಹೋಟೆಲಿನಲ್ಲಿ ಅನಂತಯ್ಯನವರಿಗೆ ಹೇಳಿದೆ, "ಆಗುವುದಿಲ್ಲ ಸರ್. ಒಂದು ಕಣ್ಣಾದರೂ ಉಂಟಲ್ಲ, ಸಾಕು."

ಅವರು ಕಾಫಿ ಮುಗಿಸಿದರು. ಏಳುವಾಗ, "ಶನಿವಾರ ಕರ್ಕೊಂಡ್ ಬನ್ನಿ" ಎಂದರು.

ಹೋದೆವು. ಗುಮ್ಮಟದ ಬಾಗಿಲಲ್ಲಿ ಅನಂತಯ್ಯನವರು ನಿಂತಿದ್ದರು. ಕನ್ನಡಕದ ಒಳಗೆ ಬಲಗಣ್ಣಿಗೆ ಕಪ್ಪು ಬಟ್ಟೆಯ ಪಟ್ಟಿ. ಕಾಣುವ ಕಣ್ಣು ಅದೊಂದೇ, ಅದನ್ನೇ ಕಟ್ಟಿಕೊಂಡಿದ್ದರು. ಬಾಗಿಲ ಚೌಕಟ್ಟು ಯಾವುದು, ಗೋಡೆ ಯಾವುದು ಎಂದು ಕೈಯಿಂದ ತಡವುತ್ತಿದ್ದರು. ದುರ್ಬೀನು ತಿರುಗಿಸುವ ಕೆಲಸವನ್ನು ತಮ್ಮ ಒಬ್ಬ ವಿದ್ಯಾರ್ಥಿನಿಗೆ ಒಪ್ಪಿಸಿದ್ದರು.

ರಶ್ಮಿ ನನ್ನ ಹಿಂದಿನಿಂದ ಮುಖ ಹೊರಗೆ ಹಾಕಿದಳು. "ಅಂಕಲ್‌ಗೂ?"

"ಹೂಂ ಪುಟ್ಟಿ. ನನ್ನ ಡಾಕ್ಟರೂ ಹೇಳಿದ್ರು. ಒಬ್ಬನೇ ಕಟ್ಕೊಂಡ್ರೆ ಬೇಜಾರು. ನೀನೂ ಕಟ್ಕೊಂಡ್ರೆ ಇಬ್ರಾಗ್ತೀವಿ."

"ನಿಮಗೆ ಶಾಲೆಯಲ್ಲಿ ಕಾನಾ ಅಂತಾರಾ?"

"ಸ್ಟಾಫ್ ರೂಮಲ್ಲಿ ಅಂತಾರೆ."

ಅವಳು ನನ್ನ ಕಿಸೆಯಿಂದ ಪಟ್ಟಿ ತೆಗೆದುಕೊಂಡು ತಾನೇ ಕಟ್ಟಿಕೊಂಡಳು. ಆವತ್ತಿನಿಂದ ಮಳೆ ಹಿಡಿಯುವವರೆಗೂ ಶನಿವಾರದ ಜನ ಒಂದು ವಿಚಿತ್ರ ನೋಡಿದರು. ದೊಡ್ಡ ಮೇಷ್ಟ್ರು ಸ್ಟೂಲಿಗೆ ಮೊಣಕಾಲು ತಾಗಿಸಿಕೊಳ್ಳುವುದು, ಆರು ವರ್ಷದ ಹುಡುಗಿ ಅವರ ಬೆರಳು ಹಿಡಿದು, "ಸೀಡೀ ಹೈ ಅಂಕಲ್, ಸಂಭಾಲ್‌ಕೇ" ಎಂದು ಮೆಟ್ಟಿಲು ಇಳಿಸುವುದು. ಅವರನ್ನು ಇಳಿಸಬೇಕಾದ್ದರಿಂದ ಅವಳು ತಾನೂ ಮೆಟ್ಟಿಲು ನೋಡಬೇಕಾಯಿತು, ಅದೂ ಆ ಸೋಮಾರಿ ಕಣ್ಣಿನಲ್ಲೇ. ನಾನು ಹಿಂದೆ ಹಿಂದೆ ಇಳಿಯುತ್ತಾ, ಇಬ್ಬರಲ್ಲಿ ಯಾರು ಬಿದ್ದರೆ ಯಾರನ್ನು ಹಿಡಿಯುವುದೆಂದು ಹೆದರುತ್ತಿದ್ದೆ. ಬಸ್ ಸ್ಟಾಪಿನಲ್ಲಿ ಪಟ್ಟಿ ತೆಗೆದಾಗ ಅವರ ಮುಖದ ಆಯಾಸ ನೋಡಲಾಗುತ್ತಿರಲಿಲ್ಲ. "ಸರ್, ನಿಮಗೆ ಯಾಕೆ ಈ ಕಷ್ಟ?" ಎಂದರೆ, "ನಂಗೇನು ಭಟ್ರೇ, ನಿದ್ದೆಗೆ ಒಂದು ಕಣ್ಣು ಮೊದಲೇ ಮುಚ್ಚಿರತ್ತೆ" ಎನ್ನುತ್ತಿದ್ದರು.

ಮಳೆಗಾಲದಲ್ಲಿ ಗುಮ್ಮಟ ಮುಚ್ಚಿತು. ಮತ್ತೆ ತೆರೆದಾಗ ಅನಂತಯ್ಯನವರು ಅಲ್ಲಿರಲಿಲ್ಲ. ಎದೆನೋವು ಬಂದು, ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದ್ದರಂತೆ. ಹೋಟೆಲಿಗೂ ಬರುವುದು ನಿಂತಿತು. ರಶ್ಮಿಯ ಪಟ್ಟಿ ಮಾತ್ರ ನಿಲ್ಲಲಿಲ್ಲ. ಅಂಕಲ್ ಮನೆಯಲ್ಲಿ ಕಟ್ಟಿಕೊಂಡಿರುತ್ತಾರೆ ಎಂದು ಅವಳ ನಂಬಿಕೆ.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರಮ್ಮ ಅವಳ ಒಳ್ಳೆಯ ಕಣ್ಣು ಮುಚ್ಚಿ ಗೋಡೆಯ ಅಕ್ಷರ ಓದಿಸಿದರು. ಅವಳು ಓದಿದಳು, ಅದರ ಕೆಳಗಿನ ಸಾಲನ್ನೂ ಓದಿದಳು, ಅದರ ಕೆಳಗಿನದನ್ನೂ. ನನಗೆ ಆ ಇಂಗ್ಲಿಷ್ ಅಕ್ಷರ ಒಂದೂ ಗೊತ್ತಿಲ್ಲ. ಆದರೂ ಅವಳ ಜೊತೆಗೆ ನನ್ನ ತುಟಿ ಆಡುತ್ತಿತ್ತಂತೆ, ಸುಮತಿ ಹೇಳಿ ನಗುತ್ತಾಳೆ. ಪಟ್ಟಿ ಇನ್ನು ಬೇಡ ಎಂದರು. ನಾನು ಅಲ್ಲಿಂದಲೇ ಮಗುವನ್ನು ಹೆಗಲಿಗೇರಿಸಿ ವಡಾಲಕ್ಕೆ, ಅನಂತಯ್ಯನವರ ಮನೆಗೆ ಹೊರಟೆ. ಟ್ರೇನಿನಲ್ಲಿ ಗುರುತಿಲ್ಲದವರಿಗೆಲ್ಲ ಹೇಳಿದೆ.

ನಾನು ಅನಂತಯ್ಯನವರನ್ನು ಕಡೆಯ ಸಲ ನೋಡಿದ್ದು ಆ ದಿನ. ಹೋಳಿ ಹಬ್ಬಕ್ಕೆ ಮೊದಲೇ ಅವರು ಹೋಗಿಬಿಟ್ಟರು. ಆ ಮಧ್ಯಾಹ್ನ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಒರಗಿದ್ದರು, ಬಹಳ ಇಳಿದಿದ್ದರು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಅವರು ಡಾಕ್ಟರಮ್ಮನ ಮಾತನ್ನು ನಂಬಲಿಲ್ಲ. ರಶ್ಮಿಯನ್ನು ಹತ್ತಿರ ಕರೆದು, ಕನ್ನಡಕದ ಎಡಗಡೆ ಅಂಗೈ ಮುಚ್ಚಿ, "ಎದುರು ಬಿಲ್ಡಿಂಗಿನ ಗಚ್ಚಿಯಲ್ಲಿ ಏನೇನಿದೆ ಹೇಳು" ಎಂದರು.

"ಆಂಟೆನಾ. ಆಂಟೆನಾಕ್ಕೆ ಗಾಳಿಪಟ ಸಿಕ್ಕಿಬಿದ್ದಿದೆ. ನೀಲಾ. ಬಾಲ ಹರಿದಿದೆ."

ಅವರು ಕಣ್ಣು ಕಿರಿದಾಗಿಸಿ ಆಚೆ ನೋಡಿದರು, ಅಷ್ಟು ದೂರ ಕಾಣದೆ ಒಳಗೆ ಕೂಗಿದರು, "ಪದ್ದೂ, ಅಲ್ಲಿ ಗಾಳಿಪಟ ಇದೆಯೇನೇ?"

ಅವರ ಹೆಂಡತಿ ಒದ್ದೆ ಕೈಯಲ್ಲಿ ಬಂದು ಇಣುಕಿದರು. "ಸಂಕ್ರಾಂತಿ ಹಬ್ಬದಿಂದ ನೇತಾಡ್ತಿದೆಯಲ್ರೀ. ನೀಲೀದು. ನೀವು ಈಗ ನೋಡಿದ್ರಾ?"

ಅನಂತಯ್ಯನವರು ರಶ್ಮಿಯ ಕಣ್ಣಿನ ಮೇಲಿಂದ ಕೈ ತೆಗೆಯಲೇ ಇಲ್ಲ. ಕೊನೆಗೆ ರಶ್ಮಿಯೇ ಆ ಕೈ ಸರಿಸಿ, ಅವರ ಮುಖದ ಹತ್ತಿರ ಮುಖ ತಂದು ಎರಡೂ ಕಣ್ಣಿನಿಂದ ನೋಡಿದಳು.

"ಅಂಕಲ್, ನಿಮ್ಮ ಪಟ್ಟಿ ಎಲ್ಲಿ? ನಿಮ್ಮದು ಇನ್ನೂ ಬರಲಿಲ್ಲವಾ?"

"ನಂದು ಬಿಡು ಪುಟ್ಟಿ," ಎಂದರು ಅವರು. "ಆ ಗಾಳಿಪಟದ ಪಕ್ಕ ಇನ್ನೇನಿದೆ, ಹೇಳು."

ಅವಳು ಕಿಟಕಿಗೆ ತಿರುಗಿ ಹೇಳುತ್ತಾ ಹೋದಳು.