ಕವಣೆ ಇಳಿಸಿದ ಆಯಿ

ಕಲ್ಲಿಟ್ಟು ಕವಣೆ ಎತ್ತಿದ್ದ ಆಯಿ, ನನ್ನ ಕೊರಳಲ್ಲಿದ್ದ ದುರ್ಬೀನು ನೋಡಿ ಕೈ ಇಳಿಸಿದರು. ಮಾದನಹಿಪ್ಪರಗಾ ಹತ್ತಿರದ ಜೋಳದ ಹೊಲ. ಹಕ್ಕಿ ಕಾಯುವ ಅಟ್ಟದ ಮೇಲೆ ಹೊಲದೊಡತಿಯಾದ ಆ ಅಜ್ಜಿ, ಬದುವಿನಲ್ಲಿ ನಾನು. ತೆನೆಗಳ ತುಂಬ ಹಳದಿ ಎದೆಯ ಕಾಳುಗುಬ್ಬಿಗಳು.

"ಹಕ್ಕಿ ನೋಡಾಕ ಬಂದಿಯೇನ್ ತಮ್ಮಾ? ನೋಡ್ಕೋ, ನಾ ಕಲ್ಲ ಒಗ್ಯಂಗಿಲ್ಲ" ಎಂದರು.

ಕರಿತಲೆಯವು, ಕೆಂಪುತಲೆಯವು, ಎರಡೂ ಜಾತಿ ಅಲ್ಲಿದ್ದವು. ಚಳಿಗಾಲಕ್ಕೆ ದೂರದೇಶದಿಂದ ಬರುವ ಈ ದಾಯಾದಿಗಳಲ್ಲಿ ಗಂಡುಗಳನ್ನು ತಲೆಯ ಬಣ್ಣದಿಂದ ಗುರುತಿಸಬಹುದು. ಹೆಣ್ಣುಗಳನ್ನು ಬೇರ್ಪಡಿಸುವುದು ಮಾತ್ರ ಇಷ್ಟು ವರ್ಷ ನೋಡಿದ ಮೇಲೂ ನನ್ನಿಂದಾಗಿಲ್ಲ. ಒಂದು ತಾಸು ಮೈಮರೆತು ನೋಡಿದೆ. ಬಳಿಕ ಅಟ್ಟದ ಬುಡಕ್ಕೆ ಹೋಗಿ ಜಾಣತನ ತೋರಿಸಿದೆ: "ಈ ಎರಡೂ ಜಾತಿಗೆ ಅಳಿಯೋ ಭಯ ಸದ್ಯಕ್ಕ ಇಲ್ಲರಿ ಆಯಿ. ಜಗತ್ತಿನ ಹಕ್ಕಿಗಳ ಪಟ್ಟಿಯೊಳಗ ಹಂಗ ಬರದಾರ."

"ಪಟ್ಟಿ ನನಗ ತಿಳ್ಯಂಗಿಲ್ಲಪಾ" ಎಂದು ಆಯಿ ನಕ್ಕರು. "ಸುತ್ತ ಎಲ್ಲಾರೂ ತೊಗರಿ, ಕಬ್ಬ ಹಾಕ್ಯಾರ. ಜ್ವಾಳ ಇರೋದು ನಂದೊಂದ ಹೊಲದಾಗ. ಅವು ಎಲ್ಲಿಗಿ ಹೋಗಬೇಕು? ಮುಂಜಾನಿ ಒಂದೀಟು ಉಣ್ಣಾಕ ಬಿಟ್ಟು ಆಮ್ಯಾಲ ಓಡಸ್ತೇನಿ. ಇವತ್ತ ನಿನ್ನ ಸಲುವಾಗಿ ಹೆಚ್ಚಿಗಿ ಉಂಡ್ವು."

ಆಗಲೇ ನಾನು ಹಕ್ಕಿ ಬಿಟ್ಟು ತೆನೆ ನೋಡಿದ್ದು. ಬದುವಿನ ಪಕ್ಕದ ಸಾಲಿನಲ್ಲಿ ಎಷ್ಟೋ ತೆನೆಗಳು ಬರಿದಾಗಿದ್ದವು. ಅದು ಅವರ ಮನೆಯ ರೊಟ್ಟಿ. ಆಯಿಗೆ ಕೈ ಮುಗಿದೆ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಎರಡು ಹಕ್ಕಿಗಳ ಹೆಸರಿನ ಮುಂದೆ 'ಭಯವಿಲ್ಲ' ಎಂದು ಬರೆದಿದ್ದೆ. ಮನೆಗೆ ಬಂದು ಅದರ ಹಿಂದೆ ಮೂರು ಪದ ಸೇರಿಸಿದೆ: 'ಆಯಿ ಜೋಳ ಬಿತ್ತುತ್ತಿರುವವರೆಗೆ.'