ತಾಂಬೂಲದ ಬ್ಯಾಗಿನಲ್ಲಿ ಈಥರ್ನೆಟ್ ಪಾಠ

ಮೊನ್ನೆ ಮದುವೆಯೊಂದರಿಂದ ತಂದ ತಾಂಬೂಲದ ಬ್ಯಾಗು ಬಿಚ್ಚಿದೆ. ವೀಳ್ಯದೆಲೆಯ ಘಾಟು ಮೂಗಿಗೆ ಬಡಿದದ್ದೇ ತಡ, ಬಸವೇಶ್ವರನಗರದ ನಮ್ಮ ಎದುರುಮನೆ ಆಂಟಿ ನೆನಪಾದರು. ಅವರು ನೆನಪಾದರೆ ನನಗೆ ನಗು ತಡೆಯುವುದೇ ಕಷ್ಟ.

ಆಂಟಿ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಪಾಠ ಮಾಡುತ್ತಿದ್ದರು. ನಾನೋ, ಬೇರೆ ಕಾಲೇಜಿನಲ್ಲಿ ಡಿಪ್ಲೊಮಾ ಓದುತ್ತ, ಅದೇ ವಿಷಯದ ಪ್ರಾಕ್ಟಿಕಲ್‌ನಲ್ಲಿ ಡುಮ್ಕಿ ಹೊಡೆದಿದ್ದೆ. ಇನ್ನೊಮ್ಮೆ ಫೇಲಾದರೆ ಓದು ಸಾಕು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಕಂಪ್ಯೂಟರುಗಳು ಒಂದಕ್ಕೊಂದು ಮಾಹಿತಿ ಕಳಿಸುವ ಪೊಟ್ಟಣವಾದ ಈಥರ್ನೆಟ್ ಫ್ರೇಮಿನ ಚಿತ್ರದಲ್ಲಿ ಯಾವ ಚೌಕದ ನಂತರ ಯಾವ ಚೌಕ ಎಂದು ಉರು ಹೊಡೆದು ಹೊಡೆದು ತಲೆ ಮೊಸರುಗಡಿಗೆಯಾಗಿತ್ತು.

ಆಗಲೇ ಆಂಟಿಯ ಮಗಳ ಮದುವೆ ಬಂತು. ತಾಂಬೂಲದ ಬ್ಯಾಗು ತುಂಬಲು ನನ್ನನ್ನೂ ಕರೆದರು. ಹಾಲ್ ತುಂಬ ತೆಂಗಿನಕಾಯಿ, ಎಲೆ, ಅಡಿಕೆ… ಅವುಗಳ ನಡುವೆಯೇ ಪಾಠ ಶುರು.

"ಈ ಬ್ಯಾಗೇ ಫ್ರೇಮು ಅನ್ಕೊಳೇ. ಮೊದಲು ಯಾರಿಗೆ ಅಂತ ಬರಿ, ಆಮೇಲೆ ಯಾರಿಂದ. ಆಮೇಲೆ ಒಳಗಿರೋದು ಯಾವ ಥರದ್ದು ಅಂತ. ಆಮೇಲೆ ಸಾಮಾನು. ಕೊನೇಲಿ, ದಾರೀಲಿ ಏನಾದ್ರೂ ಕೆಟ್ಟಿದ್ಯಾ ಅಂತ ನೋಡೋಕೆ ಒಂದು ಗುರುತು."

"ಸಾಮಾನು ಕಮ್ಮಿ ಇದ್ರೆ ಆಂಟಿ?"

"ಖಾಲಿ ಬ್ಯಾಗು ಯಾರಾದ್ರೂ ಕೊಡ್ತಾರೇನೇ? ಫ್ರೇಮಿಗೂ ಇಷ್ಟಾದ್ರೂ ಇರ್ಬೇಕು ಅಂತ ರೂಲ್ಸಿದೆ. ಕಮ್ಮಿ ಬಿದ್ರೆ ಸೊನ್ನೆ ತುಂಬಿಸ್ತಾರೆ. ನೀನು ಇನ್ನೆರಡು ಎಲೆ ಹಾಕು!"

ಸಂಜೆಯವರೆಗೂ ಬ್ಯಾಗು ತುಂಬಿದೆವು. ಪುಸ್ತಕದಿಂದ ತಲೆಗೆ ಹತ್ತದ್ದು ಕೈಯಿಂದ ಹತ್ತಿತು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು, "ಡೇಟಾ ಕಮ್ಮಿ ಇದ್ರೆ ಏನ್ ಮಾಡ್ತಾರಮ್ಮ?" ಎಂದರು.

"ಎಲೆ ಹಾಕ್ತಾರೆ ಸಾರ್" ಎಂದುಬಿಟ್ಟೆ!

ಕೆಟ್ಟೆನೆಂದುಕೊಂಡು, ತಡವರಿಸುತ್ತ, ಎಲೆಯಿಂದ ಸೊನ್ನೆಯವರೆಗೆ ಇಡೀ ತಾಂಬೂಲವನ್ನು ವಿವರಿಸಿದೆ. ಅವರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. "ಅರ್ಥ ಆಗಿದ್ಯಲ್ಲಮ್ಮ, ಹೋಗು."

ಪಾಸಾದ ಸುದ್ದಿ ಹೇಳಿದಾಗ ಆಂಟಿ ಕುಣಿದಾಡಿದರು. ಎಲೆಯ ಕಥೆಯನ್ನು ಬೀದಿಯವರಿಗೆಲ್ಲ ಹೇಳಿ ನನ್ನ ಮಾನ ಕಳೆದರು… ಎಷ್ಟು ಹಿತವಾಗಿತ್ತು ಅದು.

ಈಗ ಕೆಂಗೇರಿಯ ಹತ್ತಿರದ ಕಾಲೇಜೊಂದರಲ್ಲಿ ನಾನೇ ಆ ಪಾಠ ಮಾಡುತ್ತೇನೆ. ಸದಾ ತಲೆ ತಗ್ಗಿಸಿ ಕೂರುವ ಹುಡುಗಿಯೊಬ್ಬಳು ಇವತ್ತು ಬೋರ್ಡಿನ ಮೇಲೆ ಇಡೀ ಫ್ರೇಮು ಬರೆದು, ತಿರುಗಿ ನಿಂತು ನಕ್ಕಳು. ನನಗೆ ಹಿಡಿಸಲಾರದ ಖುಷಿ. ಸ್ಟಾಫ್ ರೂಮಿಗೆ ಓಡಿಬಂದು, ಆಂಟಿಗೆ ಹೇಳೋಣವೆಂದು ಫೋನು ತೆಗೆದೆ. ಆಮೇಲೆ ನೆನಪಾಯಿತು, ಅವರು ಹೋಗಿ ಆಗಲೇ ವರ್ಷವಾಗಿದೆ.