ಎರಡು ರೊಟ್ಟಿ ತಿಂದು ಮಾಡಿಸಿದ ಸ್ಕ್ಯಾನ್

ಶಾಲೆಯಲ್ಲಿ ಕೆಲಸ ಸಿಕ್ಕಿ ಲಕ್ಷ್ಮೇಶ್ವರದಲ್ಲಿ ಬಾಡಿಗೆ ಮನೆಗೆ ಕಾಲಿಟ್ಟ ದಿನವೇ ಮನೆಯೊಡತಿ ರಜಿಯಾ ಚಾಚಿ ತಾಮ್ರದ ತಂಬಿಗೆಯಲ್ಲಿ ನೀರು ಕೊಟ್ಟರು. ನಾನು ಹಾವು ಕಂಡವಳ ಹಾಗೆ ಹಿಂದೆ ಸರಿದೆ. ನನಗೂ ತಮ್ಮ ಮಹೇಶನಿಗೂ ಹುಟ್ಟಿನಿಂದ ವಿಲ್ಸನ್ ಕಾಯಿಲೆ. ಮೈ ಸೇರಿದ ತಾಮ್ರ ಹೊರಗೆ ಹೋಗದೆ ಲಿವರಿನಲ್ಲಿ ಕೂಡಿಕೊಳ್ಳುತ್ತದೆ, ಗಾಯ ಮಾಡುತ್ತದೆ. ಗಾಯ ಬೆಳೆದಂತೆ ಲಿವರು ಗಟ್ಟಿಯಾಗುತ್ತದೆ. ಎಷ್ಟು ಗಟ್ಟಿಯಾಗಿದೆ ಎಂದು ವರ್ಷಕ್ಕೊಮ್ಮೆ ಮೈಸೂರಿಗೆ ಹೋಗಿ ಇಬ್ಬರೂ ಒಟ್ಟಿಗೆ ಸ್ಕ್ಯಾನ್ ಮಾಡಿಸಿ ನೋಡಿಕೊಳ್ಳುತ್ತಿದ್ದೆವು.

"ನನಗೆ ತಾಮ್ರ ಆಗಿಬರಲ್ಲ" ಎಂದಷ್ಟೇ ಹೇಳಿದೆ. ಚಾಚಿ ಸ್ಟೀಲಿನ ಲೋಟ ತಂದರು. ಆದರೆ ಊಟದ ವಿಷಯದಲ್ಲಿ ಅವರ ಮುಂದೆ ನನ್ನ ಆಟ ನಡೆಯಲಿಲ್ಲ. ನಮ್ಮ ಮಂಡ್ಯದಲ್ಲಿ "ಊಟ ಆಯ್ತಾ?" ಎಂದರೆ "ಆಯ್ತು" ಎಂದು ಮುಂದೆ ನಡೆಯಬಹುದು. ಇಲ್ಲಿ ಆಯಿತೆಂದರೂ ತಟ್ಟೆ ಬರುತ್ತದೆ. ಶೇಂಗಾ ಚಟ್ನಿಯಲ್ಲಿ ತಾಮ್ರ ಹೆಚ್ಚೆಂದು ಬದಿಗಿಡಲು ಕಲಿತೆ, ಜೋಳದ ರೊಟ್ಟಿ ಬೇಡವೆನ್ನಲು ಕಲಿಯಲಿಲ್ಲ. ಶಾಲೆಯಲ್ಲಿ ಎಲ್ಲರೂ ನನ್ನನ್ನು ಅಕ್ಕಾರು ಎನ್ನುತ್ತಿದ್ದರು. ಶಿಕ್ಷಕಿಗೆ ಇಲ್ಲಿ ಅದೇ ಹೆಸರು. ಭಾನುವಾರಗಳು ಮಾತ್ರ ಕಳೆಯುತ್ತಿರಲಿಲ್ಲ.

ಈ ವರ್ಷದ ಸ್ಕ್ಯಾನು ಹತ್ತಿರದ ಗದಗಿನಲ್ಲಿ. ಅದಕ್ಕೆ ಮೂರು ತಾಸು ಮುಂಚೆ ಏನೂ ತಿನ್ನಬಾರದು. ಮನೆ ಬಿಡಿಸಿಯಾರೆಂದು ಹೆದರಿ ಚಾಚಿಗೆ ಕಾಯಿಲೆಯ ಸುದ್ದಿಯೇ ಹೇಳಿರಲಿಲ್ಲ. ಕೆಲಸವಿದೆ ಎಂದು ಹೊರಟರೆ ಬಾಗಿಲಿಗೆ ಅಡ್ಡ ನಿಂತರು.

"ಖಾಲಿ ಹೊಟ್ಟಿಲೆ ಎಲ್ಲಿಗ್ರಿ ಅಕ್ಕಾರ? ಎರಡ ರೊಟ್ಟಿ ತಿಂದ ಹೋಗ್ರಿ."

ತಿಂದೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವಾಕೆ "ಏನರ ತಿಂದೀರೇನ್ರಿ?" ಎಂದಾಗ, ಹಾಕಿದ ರಜೆ ಹಾಳಾಗುತ್ತದೆಂದು "ಇಲ್ಲ" ಎಂದೆ.

ಪಕ್ಕೆಲುಬಿನ ಸಂದಿಯಲ್ಲಿ ಟಕ್ ಟಕ್ ಎಂದು ತಟ್ಟಿದ ಯಂತ್ರ, ಲಿವರು ಹೋದ ವರ್ಷಕ್ಕಿಂತ ಬಹಳ ಗಟ್ಟಿಯಾಗಿದೆ ಎಂದು ತೋರಿಸಿತು. ಉಂಡ ಮೇಲೆ ಅಳತೆ ಏರುತ್ತದೆಂದು ಗೊತ್ತಿತ್ತು, ಆದರೆ ಎರಡು ರೊಟ್ಟಿಗೆ ಇಷ್ಟೊಂದೇ? ಮಾತ್ರೆ ಕೆಲಸ ಮಾಡುತ್ತಿಲ್ಲವೇನೋ, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರು ಡಾಕ್ಟರು. ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದೆ. "ಊರಿಗೆ ಬಂದ್ಬಿಡಕ್ಕ, ಮೈಸೂರಲ್ಲಿ ಇಬ್ರೂ ಒಟ್ಟಿಗೆ ತೋರಿಸ್ಕೊಳ್ಳೋಣ" ಎಂದ ಮಹೇಶ. ಕೆಲಸ ಬಿಡುವುದೆಂದು ಗಟ್ಟಿ ಮಾಡಿದೆ.

ಮನೆ ಖಾಲಿ ಮಾಡುತ್ತೇನೆಂದಾಗ ಚಾಚಿ ಕಾರಣ ಕೇಳಿದರು. ಎಲ್ಲವನ್ನೂ ಹೇಳಿ ಅತ್ತೆ. ಅವರಿಗೆ ಸಿಟ್ಟು ಬಂತು.

"ನಾ ರೊಟ್ಟಿ ತಿನಿಸಿದ್ದು ಅಲ್ಲಿ ಯಾಕ ಹೇಳಲಿಲ್ರಿ? ನಾಳೆ ಇನ್ನೊಮ್ಮೆ ಹೋಗೂಣು. ನಾನೂ ಬರ್ತೀನಿ."

ಮರುದಿನ ಅವರು ಚಹಾ ಕೂಡ ಮುಟ್ಟಲಿಲ್ಲ. ನೀವಾದರೂ ಕುಡಿಯಿರಿ ಎಂದರೆ, "ನೀವು ಉಪಾಸ ಕುಂತಾಗ ನನಗ ಗಂಟಲದಾಗ ಇಳಿತೈತೇನ್ರಿ?" ಎಂದರು. ಆಸ್ಪತ್ರೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ, "ಹೋದ ಸಲದ ತಪ್ಪು ನಂದವ್ವಾ, ನಾನ ತಿನಿಸಿ ಕಳಿಸಿದ್ನಿ" ಎಂದುಬಿಟ್ಟರು. ಸುಳ್ಳು ಹೇಳಿದವಳು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಳತೆ ಹೋದ ವರ್ಷ ಎಷ್ಟಿತ್ತೋ ಅಷ್ಟೇ ಬಂತು. ಗಾಯ ಬೆಳೆದಿರಲಿಲ್ಲ. ಚಾಚಿ ಅಲ್ಲೇ ನನ್ನ ಕೆನ್ನೆ ಸವರಿ ನೆಟಿಕೆ ಮುರಿದರು. ಮೆಟ್ಟಿಲ ಮೇಲೆ ನಿಂತು ಮಹೇಶನಿಗೆ ಫೋನ್ ಮಾಡಿದೆ. ಅವನು ಜೋರಾಗಿ ನಕ್ಕ.

"ಹಂಗಾದ್ರೆ ನೀನು ಬರಲ್ಲ."

"ನಿನ್ನ ಸ್ಕ್ಯಾನಿಗೆ ಬರ್ತೀನಿ ಕಣೋ. ಇಬ್ರೂ ಒಟ್ಟಿಗೆ ಹೋಗೋಣ."

"ಆಮೇಲೆ ವಾಪಸ್ ಹೋಗ್ತೀಯ" ಎಂದ.

ಹೌದೆಂದೆ. ಅಷ್ಟು ಬೇಗ ಹೇಳಿಬಿಟ್ಟೆನಲ್ಲ ಎಂದು ಆಮೇಲೆ ದುಃಖವಾಯಿತು.